ಮತ್ತಿನ ಡಾಕ್ಟರು ಒಬ್ಬರೇ, ಸೇವೆ ಮಾತ್ರ 24 ಗಂಟೆ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ತಾಲ್ಲೂಕು ಆಸ್ಪತ್ರೆಗಳಲ್ಲಿ ಒಬ್ಬರೇ ಅರಿವಳಿಕೆ ತಜ್ಞರನ್ನು ಇಟ್ಟುಕೊಂಡು ಹಗಲುರಾತ್ರಿ ಸೇವೆ ನಡೆಸುತ್ತಿರುವ ಬಗ್ಗೆ

ಮಾನ್ಯರೇ,

ನಾನು ಅರಿವಳಿಕೆ ತಜ್ಞೆ. ಊರವರ ಬಾಯಲ್ಲಿ ‘ಮತ್ತಿನ ಡಾಕ್ಟರಮ್ಮ’. ಸರ್ಕಾರಿ ಸೇವೆಯ ಬಹುಪಾಲನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಕಳೆದು ನಿವೃತ್ತಳಾಗಿದ್ದೇನೆ. ನಿವೃತ್ತಿಯ ಒಂದು ಲಾಭವೆಂದರೆ, ನಡತೆ ನಿಯಮಗಳ ಹೆದರಿಕೆಯಿಲ್ಲದೆ ಇಂಥ ಪತ್ರ ಬರೆಯಬಹುದು. ಆದರೂ ನಾನಿದ್ದ ಆಸ್ಪತ್ರೆಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಈಗ ಅಲ್ಲಿರುವವರಿಗೆ ನೋಟಿಸ್ ಹೋಗುತ್ತದೆಯೇ ಹೊರತು ಖಾಲಿ ಹುದ್ದೆ ಭರ್ತಿಯಾಗುವುದಿಲ್ಲ.

ನನ್ನ ದೂರು ಚಿಕ್ಕದು. ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲುರಾತ್ರಿ ಹೆರಿಗೆ ಶಸ್ತ್ರಚಿಕಿತ್ಸೆ ಆಗುತ್ತದೆ ಎಂದು ಸರ್ಕಾರ ಜನರಿಗೆ ಹೇಳುತ್ತದೆ. ಆ ಶಸ್ತ್ರಚಿಕಿತ್ಸೆಗೆ ಮತ್ತು ಕೊಡಬೇಕಾದವರ ಹುದ್ದೆ ಎಷ್ಟೋ ಕಡೆ ಒಂದೇ. ಅದೂ ಕೆಲವೆಡೆ ಖಾಲಿ. ವಾರಕ್ಕೆ 168 ಗಂಟೆ, ಮನುಷ್ಯರು ಒಬ್ಬರು. ಆ ಒಬ್ಬರಿಗೆ ಜ್ವರ ಬಂದರೆ, ಅವರ ಮನೆಯಲ್ಲೊಂದು ಮದುವೆಯಾದರೆ, ಯಾವುದೋ ಹಳೇ ಕೇಸಿನ ಸಾಕ್ಷಿ ಹೇಳಲು ಕೋರ್ಟಿಗೆ ಹೋದರೆ, ಆ ಹೊತ್ತಿಗೆ ನೋವು ತಿನ್ನುತ್ತ ಬಂದ ಬಸುರಿ 108 ಆಂಬುಲೆನ್ಸ್ ಹತ್ತಿ ಜಿಲ್ಲಾಸ್ಪತ್ರೆಯ ದಾರಿ ಹಿಡಿಯಬೇಕು. ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂದು ಬರೆದಿರುತ್ತಾರೆ. ಹೆಚ್ಚಿನ ಚಿಕಿತ್ಸೆ ಏನೂ ಬೇಕಿರುವುದಿಲ್ಲ. ಪ್ರಸೂತಿ ತಜ್ಞೆ ಇಲ್ಲೇ ಇದ್ದಾರೆ, ಓಟಿ, ಅಂದರೆ ಶಸ್ತ್ರಚಿಕಿತ್ಸೆಯ ಕೋಣೆ ಇದೆ, ಓಟಿಯ ದೀಪವೂ ಉರಿಯುತ್ತಿದೆ. ಇಲ್ಲದಿರುವುದು ನಾವು.

ಸಾರ್ವಜನಿಕರಿಗೆ, ಬೇಸರಿಸಬೇಡಿ, ತಮ್ಮ ಇಲಾಖೆಯ ಕಚೇರಿಗಳಲ್ಲಿ ಕೂತ ಕೆಲವರಿಗೂ ನಮ್ಮ ಕೆಲಸವೆಂದರೆ ಒಂದು ಇಂಜೆಕ್ಷನ್. ಚುಚ್ಚಿದರೆ ಮುಗಿಯಿತು, ಆಮೇಲೆ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂರುವುದು. ‘ನಿಮಗೇನಮ್ಮ, ಹತ್ತು ನಿಮಿಷದ ಕೆಲಸ’ ಎಂದು ಹಿರಿಯ ಅಧಿಕಾರಿಯೊಬ್ಬರು ಸಭೆಯಲ್ಲಿ ನನಗೇ ಹೇಳಿದ್ದರು. ಹಾಗಾಗಿ ಆ ಹತ್ತು ನಿಮಿಷದಲ್ಲಿ ಏನಾಗುತ್ತದೆ, ಆಮೇಲೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸಿಸೇರಿಯನ್‌ಗೆ ಸಾಮಾನ್ಯವಾಗಿ ಕೊಡುವುದು ಬೆನ್ನಿನ ಇಂಜೆಕ್ಷನ್. ಸೊಂಟದ ಮಣಿಗಳ ಸಂದಿಯಲ್ಲಿ ಕೂದಲಿನಷ್ಟು ಸಣ್ಣ ಸೂಜಿ ತೂರಿಸಿ, ಬೆನ್ನುಹುರಿಯ ಸುತ್ತಲಿನ ನೀರಿಗೆ ಬುಪಿವಕೇನ್ ಎಂಬ ಔಷಧ ಬಿಡುತ್ತೇವೆ. ಪ್ರಮಾಣ ಸುಮಾರು 2 ಮಿಲಿಲೀಟರ್. ಹೆರಿಗೆ ನೋವಿನಲ್ಲಿ ಹೊರಳಾಡುವ ಹೆಂಗಸನ್ನು ಬೆನ್ನು ಬಾಗಿಸಿ ಅಲುಗದಂತೆ ಕೂರಿಸುವುದೇ ಒಂದು ಕೆಲಸ. ಔಷಧ ಬಿಟ್ಟು ಮಲಗಿಸಿದ ಕೂಡಲೇ ಕಾಲು ಬೆಚ್ಚಗಾಗಿ ಭಾರವಾಗುತ್ತದೆ. ಸ್ಪಿರಿಟ್ ಹತ್ತಿಯನ್ನು ಹೊಟ್ಟೆಗೆ, ಪಕ್ಕೆಗೆ, ಎದೆಗೆ ಮುಟ್ಟಿಸುತ್ತ ‘ತಣ್ಣಗೆ ಗೊತ್ತಾಗ್ತದಾ?’ ಎಂದು ಕೇಳುತ್ತ ಹೋಗುತ್ತೇವೆ. ತಣ್ಣಗೆ ತಿಳಿಯುವುದು ಎಲ್ಲಿ ನಿಂತಿತೋ ಅಲ್ಲಿಯವರೆಗೆ ಮತ್ತು ಏರಿದೆ ಎಂದರ್ಥ. ಮೊಲೆತೊಟ್ಟಿನ ಮಟ್ಟದವರೆಗೆ ಏರಬೇಕು. ಕೆಳಗೇ ನಿಂತರೆ ಕೊಯ್ದಾಗ ನೋವಾಗುತ್ತದೆ, ಬಹಳ ಮೇಲೇರಿದರೆ ಕೈ ಸೋಲುತ್ತದೆ, ಉಸಿರು ಸೋಲುತ್ತದೆ.

ಇದರ ಜತೆಗೇ ರಕ್ತದೊತ್ತಡ ಕುಸಿಯತೊಡಗುತ್ತದೆ. ತುಂಬಿದ ಗರ್ಭ ಹಿಂದಿನ ದೊಡ್ಡ ರಕ್ತನಾಳವನ್ನು ಅಮುಕುವುದರಿಂದ ಅಂಗಾತ ಮಲಗಿದ ಬಸುರಿಯಲ್ಲಿ ಆ ಕುಸಿತ ಇನ್ನೂ ಜೋರು. ಅದಕ್ಕೇ ಮೇಜನ್ನು ಎಡಕ್ಕೆ ವಾಲಿಸುತ್ತೇವೆ. ಬಿಪಿ ಯಂತ್ರ ಗುರ್ ಎಂದು ಗಾಳಿ ತುಂಬಿಕೊಂಡು ಅಂಕಿ ತೋರಿಸುವುದಕ್ಕೂ ಮೊದಲೇ ಆಕೆ ‘ಡಾಕ್ಟ್ರೇ, ಹೊಟ್ಟೆ ತೊಳಸ್ತಿದೆ’ ಎನ್ನುತ್ತಾಳೆ. ಹೊಸಬರು ವಾಂತಿಯ ಔಷಧ ಹುಡುಕುತ್ತಾರೆ. ಅನುಭವಿಗಳು ಬಿಪಿ ಏರಿಸುವ ಮೆಫೆಂಟರ್ಮಿನ್ ಅಥವಾ ಫಿನೈಲೆಫ್ರಿನ್ ಸಿರಿಂಜಿಗೆ ಕೈ ಹಾಕುತ್ತಾರೆ. ಅದನ್ನು ಮೊದಲೇ ತುಂಬಿಟ್ಟುಕೊಂಡಿರುತ್ತಾರೆ, ಏಕೆಂದರೆ ತಾಯಿಯ ಬಿಪಿ ಬಿದ್ದಷ್ಟು ಹೊತ್ತೂ ಮಗುವಿಗೆ ರಕ್ತ ಕಡಿಮೆ ಹೋಗುತ್ತಿರುತ್ತದೆ.

ಮಗು ಹೊರಬಂದ ಮೇಲೆ ಗರ್ಭಕೋಶ ಗಟ್ಟಿಯಾಗಲೆಂದು ಆಕ್ಸಿಟೋಸಿನ್ ಕೊಡುವವರೂ ನಾವೇ. ಅದನ್ನು ಒಮ್ಮೆಗೇ ತಳ್ಳಿದರೆ ಮತ್ತೆ ಬಿಪಿ ಬೀಳುತ್ತದೆ. ಗರ್ಭಕೋಶ ಗಟ್ಟಿಯಾಗದಿದ್ದರೆ ರಕ್ತ ನಿಲ್ಲುವುದಿಲ್ಲ. ದಿನ ತುಂಬಿದ ಬಸುರಿಯ ಗರ್ಭಕೋಶದ ಮೂಲಕ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ‘ನಿಲ್ಲುವುದಿಲ್ಲ’ ಎಂಬ ಮಾತಿನ ತೂಕ ತಿಳಿಯುತ್ತದೆ. ಶಸ್ತ್ರವೈದ್ಯೆಯ ಕಣ್ಣು ಆಗ ಗಾಯದ ಮೇಲಿರುತ್ತದೆ, ಇರಬೇಕಾದ್ದೂ ಅಲ್ಲೇ. ಎಷ್ಟು ರಕ್ತ ಹೋಯಿತು, ಎಷ್ಟು ಡ್ರಿಪ್ ಹೋಯಿತು, ಮೂತ್ರ ಬರುತ್ತಿದೆಯೇ, ರಕ್ತ ತರಿಸಬೇಕೇ, ಆಕೆ ಎಚ್ಚರವಾಗಿ ಮಾತಾಡುತ್ತಿದ್ದಾಳೆಯೇ ಎಂಬ ಲೆಕ್ಕವೆಲ್ಲ ತಲೆಯ ಬಳಿ ನಿಂತವರದು.

ಈಗ ಹೇಳುವುದನ್ನು ಸಚಿವರು ದಯವಿಟ್ಟು ಎರಡು ಸಲ ಓದಬೇಕು. ಅದೇ ಹೊತ್ತಿಗೆ ಮಗು ಅಳದೇ ಹೋದರೆ? ಮಕ್ಕಳ ತಜ್ಞರ ಹುದ್ದೆಯೂ ಖಾಲಿ, ಅಥವಾ ಅವರೂ ರಜೆ. ಸ್ಟಾಫ್ ನರ್ಸ್ ಮಗುವನ್ನು ವಾರ್ಮರ್ ಮೇಲಿಟ್ಟು ಉಜ್ಜುತ್ತಾರೆ, ಮಾಸ್ಕ್ ಹಿಡಿದು ಗಾಳಿ ಕೊಡುತ್ತಾರೆ. ಆದರೂ ಮಗು ನೀಲಿಯಾಗೇ ಇದ್ದರೆ ಎಲ್ಲರೂ ತಿರುಗಿ ನೋಡುವುದು ನಮ್ಮ ಕಡೆಗೆ. ಗಂಟಲಿಗೆ ಟ್ಯೂಬ್ ಹಾಕಲು ಆ ಕೋಣೆಯಲ್ಲಿ ಬರುವುದು ನಮಗೊಬ್ಬರಿಗೇ. ಇತ್ತ ತಾಯಿಯ ಬಿಪಿ ಇಳಿಯುತ್ತಿದೆ, ಅತ್ತ ಮಗು ಉಸಿರಾಡುತ್ತಿಲ್ಲ. ತಾಯಿಯನ್ನು ಬಿಟ್ಟು ಹೋಗಬಾರದು ಎನ್ನುತ್ತದೆ ಪುಸ್ತಕ. ಹೋಗದಿದ್ದರೆ ಹೊರಗೆ ನಿಂತ ಅಜ್ಜಿಗೆ ಏನು ಹೇಳುವುದು? ಈ ಪರಿಸ್ಥಿತಿ ಎಂದೋ ಒಮ್ಮೆ ಬರುವುದಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ದುಡಿದ ಯಾವ ಅರಿವಳಿಕೆ ವೈದ್ಯರನ್ನಾದರೂ ತಾವು ಕೇಳಿ ನೋಡಬಹುದು. ಎರಡನೇ ಹುದ್ದೆ ಬೇಕು ಎಂದು ನಾವು ಅರ್ಜಿ ಬರೆದಾಗಲೆಲ್ಲ ‘ಕೆಲಸದ ಒತ್ತಡ ಸಮರ್ಥಿಸಲು ಶಸ್ತ್ರಚಿಕಿತ್ಸೆಗಳ ಸಂಖ್ಯೆ ಸಾಲದು’ ಎಂಬ ಉತ್ತರ ಬಂದಿದೆ. ಸಂಖ್ಯೆ ಸಾಲದಿರುವುದಕ್ಕೆ ಕಾರಣ ರಾತ್ರಿಯ ಕೇಸುಗಳೆಲ್ಲ ರೆಫರ್ ಆಗುವುದು. ರೆಫರ್ ಆಗುವುದಕ್ಕೆ ಕಾರಣ ಎರಡನೆಯವರು ಇಲ್ಲದಿರುವುದು. ಈ ಸುತ್ತಿನಿಂದ ಫೈಲು ಹೊರಗೆ ಬಂದದ್ದೇ ಇಲ್ಲ.

ಬೆನ್ನಿನ ಇಂಜೆಕ್ಷನ್ ಕೊಡಲಾಗದ ಕೇಸುಗಳಿರುತ್ತವೆ. ಮಾಸು ಮೊದಲೇ ಬಿಟ್ಟು ವಿಪರೀತ ರಕ್ತ ಹೋಗಿರುವವರು, ನಂಜು ಏರಿ ಫಿಟ್ಸ್ ಬಂದವರು. ಅವರಿಗೆ ಪೂರ್ಣ ಮತ್ತು ಕೊಡಬೇಕು. ಉಸಿರಾಟದ ಸ್ನಾಯುಗಳನ್ನು ಔಷಧದಿಂದ ನಾವೇ ನಿಲ್ಲಿಸುತ್ತೇವೆ, ಆಮೇಲೆ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿ ನಾವೇ ಉಸಿರಾಡಿಸುತ್ತೇವೆ. ಈ ಎರಡರ ನಡುವಿನ ಸಮಯ ಎಷ್ಟು? ಮಿದುಳು ಆಮ್ಲಜನಕವಿಲ್ಲದೆ ತಾಳುವುದು ನಾಲ್ಕೈದು ನಿಮಿಷ. ಬಸುರಿಯ ದೇಹದಲ್ಲಿ ಆಮ್ಲಜನಕ ಬೇರೆಯವರಿಗಿಂತ ಬೇಗ ಖಾಲಿಯಾಗುತ್ತದೆ, ಗಂಟಲು ಊದಿಕೊಂಡಿರುತ್ತದೆ, ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಹೆಚ್ಚು. ಟ್ಯೂಬ್ ಶ್ವಾಸನಾಳಕ್ಕೇ ಹೋಯಿತೇ ಅಥವಾ ಅದರ ಹಿಂದಿರುವ ಅನ್ನನಾಳಕ್ಕೆ ಹೋಯಿತೇ ಎಂದು ಖಚಿತವಾಗಿ ಹೇಳುವ ಯಂತ್ರವೊಂದಿದೆ. ಹೆಸರು ಕ್ಯಾಪ್ನೋಗ್ರಾಫ್. ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆದು ಪರದೆಯ ಮೇಲೆ ಗೆರೆ ಬರೆಯುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೂಡ ತಪ್ಪನ್ನು ತೋರಿಸುತ್ತದೆ, ಆದರೆ ತಡವಾಗಿ. ನಾನು ಕೊನೆಯದಾಗಿ ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಕ್ಯಾಪ್ನೋಗ್ರಾಫ್ ಬೇಕೆಂದು ಇಂಡೆಂಟ್ ಹಾಕಿದ ಕಾಗದ ಮಾತ್ರ ಇತ್ತು. ಅದೇ ವರ್ಷ ಗೋಡೆಗೆ ಟೈಲ್ಸ್ ಹಾಕಿಸಿದರು. ಟೈಲ್ಸ್ ಚೆನ್ನಾಗಿಯೇ ಇದ್ದವು.

ಸಿಸೇರಿಯನ್ ತುರ್ತಾಗಿ ಆಗಲೇಬೇಕು ಎಂದು ನಿರ್ಧರಿಸಿದ ಮೇಲೆ 30 ನಿಮಿಷದೊಳಗೆ ಮಗು ಹೊರಬರಬೇಕು ಎಂಬುದು ವೈದ್ಯಲೋಕ ಒಪ್ಪಿಕೊಂಡ ಗುರಿ. ಘಟ್ಟದ ತಿರುವುಗಳಲ್ಲಿ, ಬೀದರ್ ಕಲಬುರಗಿ ಕಡೆಯ ಬಯಲು ರಸ್ತೆಗಳಲ್ಲಿ, ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ 30 ನಿಮಿಷದಲ್ಲಿ ಆಂಬುಲೆನ್ಸ್ ತಲುಪುವುದೇ ಕಷ್ಟ. ತಲುಪಿದ ಮೇಲೆ ಅಲ್ಲಿ ಇವಳ ಮುಂದೆ ಇನ್ನಿಬ್ಬರು ಕಾಯುತ್ತಿರುತ್ತಾರೆ. ತಾಯಂದಿರ ಮರಣ ಪ್ರಮಾಣದ 2018–20ರ ಮಾದರಿ ನೋಂದಣಿ ವರದಿಯಲ್ಲಿ, ಲಕ್ಷ ಜೀವಂತ ಜನನಗಳಿಗೆ ಕೇರಳದ್ದು 19, ತಮಿಳುನಾಡಿನದ್ದು 54, ನಮ್ಮದು 69. ದಕ್ಷಿಣದ ರಾಜ್ಯಗಳಲ್ಲಿ ಅದೇ ಹೆಚ್ಚು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಶಂಕೆಗೊಳಗಾದ ಡ್ರಿಪ್ ಬಾಟಲಿಯ ಬಗ್ಗೆ ಮಾತಾಡಿತು. ಮಾತಾಡಬೇಕಾದ್ದೇ. ಆದರೆ ಆಂಬುಲೆನ್ಸಿನಲ್ಲಿ ರಕ್ತ ಸುರಿದು ಸತ್ತವಳ ವಿಷಯ ಪತ್ರಿಕೆಗೆ ಬಂದರೆ ಕಾರಣ ‘ಅತಿರಕ್ತಸ್ರಾವ’ ಎಂದಿರುತ್ತದೆ. ಆ ರಾತ್ರಿ ತಾಲ್ಲೂಕಿನಲ್ಲಿ ಮತ್ತು ಕೊಡುವವರು ಇರಲಿಲ್ಲ ಎಂಬುದು ಬರುವುದಿಲ್ಲ.

ಬಳ್ಳಾರಿಯ ಸಾವುಗಳ ಬಳಿಕ, ತಾಲ್ಲೂಕು ಆಸ್ಪತ್ರೆಗಳಲ್ಲಿ ಪ್ರಸೂತಿ, ಅರಿವಳಿಕೆ, ಮಕ್ಕಳ ವಿಭಾಗಗಳಿಗೆ ಇಬ್ಬರಿಬ್ಬರು ತಜ್ಞರನ್ನು ಕೊಡುವ ಮಾತನ್ನು ಸರ್ಕಾರವೇ ಆಡಿದೆ. ಸ್ವಾಗತ. ಆದರೆ ಸಮುದಾಯ ಆರೋಗ್ಯ ಕೇಂದ್ರದಲ್ಲಿದ್ದವರನ್ನು ಎತ್ತಿ ತಾಲ್ಲೂಕಿಗೆ ತಂದರೆ ಇದ್ದವರು ಜಾಗ ಬದಲಿಸಿದಂತಾಯಿತು ಅಷ್ಟೇ, ಹೊಸಬರು ಹುಟ್ಟಲಿಲ್ಲ. ಇನ್ನೊಂದು ಲೆಕ್ಕ. 168 ಗಂಟೆಯನ್ನು ಇಬ್ಬರಿಗೆ ಹಂಚಿದರೆ ತಲಾ 84. ವಾರಕ್ಕೆ 48 ಗಂಟೆ ದುಡಿಯುವ ಮನುಷ್ಯರಂತೆ ನಮ್ಮನ್ನು ನೋಡಿದರೆ, ರಜೆಯನ್ನೂ ಸೇರಿಸಿ, ನಾಲ್ವರು ಬೇಕು. ಲಕ್ಷ ಜನರಿಗೆ ಕನಿಷ್ಠ ಐವರು ಅರಿವಳಿಕೆ ತಜ್ಞರಾದರೂ ಇರಬೇಕು ಎಂಬುದು ಜಾಗತಿಕ ಅರಿವಳಿಕೆ ಸಂಘಗಳ ಒಕ್ಕೂಟದ ಗುರಿ. ಎರಡೂವರೆ ಲಕ್ಷ ಜನರಿರುವ ತಾಲ್ಲೂಕಿಗೆ ಅದು ಹನ್ನೆರಡಕ್ಕೂ ಹೆಚ್ಚು. ಹನ್ನೆರಡು ಕೇಳುತ್ತಿಲ್ಲ. ‘ಕಾಲ್ ಡ್ಯೂಟಿ’ ಎಂಬ ಹೆಸರಿನಲ್ಲಿ ಮನೆಯಲ್ಲಿದ್ದೂ ಫೋನ್ ಎದೆಯ ಮೇಲಿಟ್ಟು ಮಲಗುವ ರಾತ್ರಿಗಳನ್ನು ಕೆಲಸವೆಂದು ಎಣಿಸಿ ಎಂದು ಕೇಳುತ್ತಿದ್ದೇನೆ. ರಾತ್ರಿಯಿಡೀ ನಿಂತವರು ಬೆಳಿಗ್ಗೆ ಒಂಬತ್ತಕ್ಕೆ ಬಯೋಮೆಟ್ರಿಕ್‌ಗೆ ಬೆರಳು ಒತ್ತದಿದ್ದರೆ ಗೈರುಹಾಜರಿ. ನಿದ್ದೆಗೆಟ್ಟ ಲಾರಿ ಚಾಲಕರ ಬಗ್ಗೆ ರಸ್ತೆಬದಿಯಲ್ಲಿ ಎಚ್ಚರಿಕೆಯ ಫಲಕ ಹಾಕುವ ಸರ್ಕಾರಕ್ಕೆ ನಿದ್ದೆಗೆಟ್ಟ ಅರಿವಳಿಕೆ ವೈದ್ಯರ ಕೈಯಲ್ಲಿರುವ ಸಿರಿಂಜ್ ಕಾಣುವುದಿಲ್ಲವೇ?

ಹುಡುಗರು ಯಾಕೆ ಬರುವುದಿಲ್ಲ ಎಂದು ತಮ್ಮ ಅಧಿಕಾರಿಗಳು ಕೇಳುತ್ತಾರೆ. ಎಂಬಿಬಿಎಸ್ ಐದೂವರೆ ವರ್ಷ, ನೀಟ್ ಪಿಜಿ ತಯಾರಿ, ಎಂಡಿ ಮೂರು ವರ್ಷ. ಸೀಟು ಹಂಚಿಕೆಯಲ್ಲಿ ರೇಡಿಯಾಲಜಿ, ಚರ್ಮರೋಗ ಮೊದಲು ಹೋಗುತ್ತವೆ, ನಮ್ಮದು ಆಮೇಲೆ. ಆದರೂ ಈ ವಿದ್ಯೆಯ ರುಚಿ ಹತ್ತಿದವರು ಬಿಡುವುದಿಲ್ಲ. ಔಷಧಶಾಸ್ತ್ರ, ಹೃದಯ, ಶ್ವಾಸಕೋಶ ಎಲ್ಲವೂ ಕಣ್ಣೆದುರು ನಿಮಿಷ ನಿಮಿಷಕ್ಕೆ ಬದಲಾಗುವುದನ್ನು ನೋಡುವ ಸುಖ ಬೇರೆ ವಿಭಾಗದಲ್ಲಿಲ್ಲ, ಇದು ನನ್ನ ಪಕ್ಷಪಾತ ಎಂದುಕೊಳ್ಳಿ. ಕಡ್ಡಾಯ ಗ್ರಾಮೀಣ ಸೇವೆಯ ಕಾಯ್ದೆಯಡಿ ಬಂದ ಎಷ್ಟೋ ಹುಡುಗ ಹುಡುಗಿಯರು ಚೆನ್ನಾಗಿ ಕೆಲಸ ಮಾಡಿದ್ದನ್ನು ಕಂಡಿದ್ದೇನೆ. ವರ್ಷ ಮುಗಿದ ದಿನವೇ ಗಂಟು ಕಟ್ಟಿದ್ದನ್ನೂ ಕಂಡಿದ್ದೇನೆ. ಎಂಡಿ ಮುಗಿಸಿ ಬಂದ ಹುಡುಗಿಗೆ ಕೇಸು ಕಷ್ಟವಾದಾಗ ಕೈಜೋಡಿಸಲು ಹಿರಿಯರೊಬ್ಬರು ಇಲ್ಲ, ಟ್ಯೂಬ್ ಹಾಕುವಾಗ ಗಂಟಲು ಒತ್ತಿ ಹಿಡಿಯಲು ತರಬೇತಿ ಪಡೆದ ಸಹಾಯಕರಿಲ್ಲ, ಇದ್ದ ಓಟಿ ತಂತ್ರಜ್ಞರನ್ನು ಹೊರಗುತ್ತಿಗೆಯ ನೆಪದಲ್ಲಿ ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಏನಾದರೂ ಹೆಚ್ಚುಕಮ್ಮಿಯಾದರೆ ಗಾಜು ಒಡೆಯಲು ಜನ ಸೇರುತ್ತಾರೆ. ವೈದ್ಯರ ಮೇಲಿನ ಹಲ್ಲೆ ತಡೆಯುವ 2009ರ ಕಾಯ್ದೆಯ ಪೋಸ್ಟರ್ ಅದೇ ಗಾಜಿಗೆ ಅಂಟಿಸಿರುತ್ತದೆ.

ಕೊರತೆ ತುಂಬಲು ಎಂಬಿಬಿಎಸ್ ವೈದ್ಯರಿಗೇ ಕೆಲವು ತಿಂಗಳ ತರಬೇತಿ ಕೊಟ್ಟು ತುರ್ತು ಹೆರಿಗೆಗಳಿಗೆ ಮತ್ತು ಕೊಡಲು ಕಲಿಸುವ ಯೋಜನೆ ದೇಶದಲ್ಲಿ ಬಹಳ ಕಾಲದಿಂದ ಇದೆ. ಅದನ್ನು ಹೀಗಳೆಯುವ ತಜ್ಞರ ಪೈಕಿ ನಾನಲ್ಲ. ಹಾಗೆ ಕಲಿತವರು ಜೀವ ಉಳಿಸಿದ್ದಾರೆ. ಆದರೆ ಹಾಗೆ ಕಲಿತು ಬಂದವರನ್ನು ಓಟಿಯೇ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಗ ಮಾಡಿದ ಆದೇಶ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಖಾಸಗಿಗೆ ಹೋದವರೆಲ್ಲ ಸುಖವಾಗಿದ್ದಾರೆ ಎಂಬುದೂ ಪೂರ್ತಿ ನಿಜವಲ್ಲ. ನಮಗೆ ‘ನಮ್ಮ ರೋಗಿ’ ಎಂಬುದಿಲ್ಲ. ರೋಗಿ ಬರುವುದು ಶಸ್ತ್ರವೈದ್ಯರ ಹೆಸರು ಕೇಳಿ, ಹಣ ಕೊಡುವುದು ಅವರಿಗೆ ಅಥವಾ ನರ್ಸಿಂಗ್ ಹೋಂಗೆ. ನಮ್ಮ ಪಾಲು ಅವರ ಮೂಲಕ, ಅವರಿಗೆ ನೆನಪಾದಾಗ. ಬ್ಯಾಗಿನಲ್ಲಿ ಲಾರಿಂಗೋಸ್ಕೋಪ್, ಟ್ಯೂಬು, ಔಷಧ ತುಂಬಿಕೊಂಡು ಒಂದು ನರ್ಸಿಂಗ್ ಹೋಂನಿಂದ ಇನ್ನೊಂದಕ್ಕೆ ಓಡುವ ಗೆಳೆಯರಿದ್ದಾರೆ. ಎಷ್ಟೋ ಸಲ ರೋಗಿಯನ್ನು ಮೊದಲ ಸಲ ನೋಡುವುದೇ ಓಟಿಯ ಮೇಜಿನ ಮೇಲೆ. ‘ಈ ಕೇಸು ಇವತ್ತು ಬೇಡ, ಹೃದಯದ ಎಕೋ ಮಾಡಿಸಿ’ ಎಂದರೆ ಆ ಕೇಸು ಮುಂದೆ ಹೋಗುತ್ತದೆ. ಮುಂದಿನ ಫೋನು ಮಾತ್ರ ಬೇರೆಯವರಿಗೆ. ಬೇಡ ಎನ್ನುವ ಅಧಿಕಾರ ಇಲ್ಲದ ಕಡೆ ಅರಿವಳಿಕೆ ವೈದ್ಯರನ್ನು ಇಟ್ಟುಕೊಳ್ಳುವುದು ಬರೀ ಸಹಿಗಾಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಸಿಗಿಷ್ಟು ಎಂದು ಕರೆಸುವ ಪದ್ಧತಿಯಲ್ಲೂ ಇದೇ ಗೋಳು, ಹಣ ಬರುವುದು ಇನ್ನೂ ತಡ.

ಓಟಿಯ ಹೊರಗೂ ನಾವು ಬೇಕು. ಕೃತಕ ಉಸಿರಾಟದ ತೀವ್ರ ನಿಗಾ ಘಟಕ ಎಂಬ ಕಲ್ಪನೆ ಗಟ್ಟಿಯಾದದ್ದೇ 1952ರ ಕೋಪನ್‌ಹೇಗನ್ ಪೋಲಿಯೊ ಪಿಡುಗಿನಲ್ಲಿ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯನಿಂದ. ಅಲ್ಲಿ ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಕೈಯಿಂದ ಚೀಲ ಒತ್ತಿ ರೋಗಿಗಳನ್ನು ಉಸಿರಾಡಿಸಿದರು. ಕೋವಿಡ್ ಬಂದಾಗ ಇಲ್ಲಿಯೂ ವೆಂಟಿಲೇಟರ್ ಮುಂದೆ ನಿಂತವರಲ್ಲಿ ನಮ್ಮವರೇ ಮುಂದು. 2021ರ ಮೇ ತಿಂಗಳ ಚಾಮರಾಜನಗರದ ಆಕ್ಸಿಜನ್ ಕೊರತೆಯ ದುರಂತದ ನಂತರ ಆಕ್ಸಿಜನ್ ಘಟಕಗಳು ಬಂದವು, ವೆಂಟಿಲೇಟರ್‌ಗಳೂ ಬಂದವು. ನಾನು ಕಂಡ ಕಡೆ ಆ ವೆಂಟಿಲೇಟರ್‌ಗಳು ಈಗ ಪ್ಲಾಸ್ಟಿಕ್ ಹೊದ್ದು ನಿಂತಿವೆ. ನಡೆಸುವವರ ಹುದ್ದೆ ಅವುಗಳ ಜತೆ ಬರಲಿಲ್ಲ. ಅಕ್ಟೋಬರ್ 16 ವಿಶ್ವ ಅರಿವಳಿಕೆ ದಿನ, 1846ರಲ್ಲಿ ಬಾಸ್ಟನ್ನಿನಲ್ಲಿ ಮಾರ್ಟನ್ ಈಥರ್ ಕೊಟ್ಟು ತೋರಿಸಿದ ದಿನ. ಹುದ್ದೆ ಬರದಿದ್ದರೂ ಆ ದಿನ ವಾಟ್ಸ್‌ಆ್ಯಪ್‌ಗೆ ಶುಭಾಶಯದ ಚಿತ್ರ ತಪ್ಪದೇ ಬರುತ್ತದೆ.

ಇದನ್ನು ಓದುತ್ತಿರುವ ಸಾರ್ವಜನಿಕರಿಗೂ ಎರಡು ಮಾತು. ಶಸ್ತ್ರಚಿಕಿತ್ಸೆಗೆ ಮೊದಲು ಆರು ಗಂಟೆ ಏನೂ ತಿನ್ನಬೇಡಿ ಎಂದರೆ ಹಾಲು ಹಾಕಿದ ಚಹಾ ಕೂಡ ಅದರಲ್ಲಿ ಸೇರುತ್ತದೆ. ಬರೀ ನೀರಾದರೆ ಎರಡು ಗಂಟೆ ಮುಂಚಿನವರೆಗೆ ಕುಡಿಯಬಹುದು. ಆಪರೇಷನ್ ಮುಂದೆ ಹೋದೀತೆಂದು ಚಹಾ ಕುಡಿದದ್ದನ್ನು ಮುಚ್ಚಿಡಬೇಡಿ, ಹೇಳಿದರೆ ಅದಕ್ಕೆ ತಕ್ಕ ದಾರಿ ನಮ್ಮಲ್ಲಿದೆ. ಬೆನ್ನಿಗೆ ಚುಚ್ಚಿದ್ದಕ್ಕೇ ಜೀವನಪೂರ್ತಿ ಸೊಂಟನೋವು ಎಂಬ ಮಾತಿಗೆ ಆಧಾರವಿಲ್ಲ. ಬಸಿರು, ಹೆರಿಗೆ, ಮಗು ಎತ್ತಿಕೊಂಡು ಮಾಡುವ ಮನೆಗೆಲಸ ಇವೆಲ್ಲ ಸೊಂಟಕ್ಕೆ ಮಾಡುವುದನ್ನು ಸೂಜಿಯ ತಲೆಗೆ ಕಟ್ಟಿರುತ್ತೇವೆ. ಕೆಲವರಿಗೆ ಎದ್ದು ಕೂತರೆ ಹೆಚ್ಚಾಗುವ ತಲೆನೋವು ಬರುವುದುಂಟು. ಅದಕ್ಕೆ ಚಿಕಿತ್ಸೆಯಿದೆ, ಬಂದು ಹೇಳಿ. ಇನ್ನೊಂದು, ಶಸ್ತ್ರವೈದ್ಯರ ಹೆಸರು ಕೇಳಿದ ಹಾಗೆಯೇ ಮತ್ತು ಕೊಡುವವರು ಯಾರೆಂದೂ ಕೇಳಿ. ಅದು ನಿಮ್ಮ ಹಕ್ಕು.

ಮಾನ್ಯ ಸಚಿವರಲ್ಲಿ ನನ್ನ ಬೇಡಿಕೆ ಇಷ್ಟು. ಸಿಸೇರಿಯನ್ ನಡೆಯುವ ಪ್ರತಿ ತಾಲ್ಲೂಕು ಆಸ್ಪತ್ರೆಗೆ ಮಂಜೂರಾದ ಅರಿವಳಿಕೆ ಹುದ್ದೆಗಳನ್ನು ಈಗ ಎರಡಕ್ಕೂ ಮುಂದೆ ನಾಲ್ಕಕ್ಕೂ ಏರಿಸಿ, ಕಾಯಂ ನೇಮಕಾತಿಯಿಂದ ತುಂಬಬೇಕು. ಹೆರಿಗೆ ಶಸ್ತ್ರಚಿಕಿತ್ಸೆ ನಡೆಯುವಾಗ ಮಗುವಿಗಾಗಿಯೇ ಬೇರೊಬ್ಬ ತರಬೇತಿ ಪಡೆದವರು ಕೋಣೆಯಲ್ಲಿರುವುದನ್ನು ಕಡ್ಡಾಯ ಮಾಡಬೇಕು. ಕ್ಯಾಪ್ನೋಗ್ರಾಫ್ ಇಲ್ಲದ ಓಟಿಯಲ್ಲಿ ಪೂರ್ಣ ಮತ್ತಿನ ಕೇಸು ನಡೆಸುವಂತೆ ಯಾರನ್ನೂ ಒತ್ತಾಯಿಸಬಾರದು. ಕಾಯಂ ಓಟಿ ತಂತ್ರಜ್ಞರು ಬೇಕು, ರಾತ್ರಿ ದುಡಿದವರಿಗೆ ಮರುದಿನ ವಿಶ್ರಾಂತಿ ಬೇಕು. ಎಲ್ಲಕ್ಕಿಂತ ಮೊದಲು, ಅರಿವಳಿಕೆ ತಜ್ಞರಿಲ್ಲ ಎಂಬ ಒಂದೇ ಕಾರಣಕ್ಕೆ ಯಾವ ಆಸ್ಪತ್ರೆಯಿಂದ ಎಷ್ಟು ಬಸುರಿಯರು ರೆಫರ್ ಆದರು ಎಂಬುದನ್ನು ತಿಂಗಳಿಗೊಮ್ಮೆ ಇಲಾಖೆ ಪ್ರಕಟಿಸಬೇಕು. ಈ ಕೊನೆಯದಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆಯೂ ಬೇಕಿಲ್ಲ, ರೆಫರಲ್ ಚೀಟಿಯಲ್ಲಿ ಒಂದು ಕಾಲಂ ಸೇರಿಸಿದರೆ ಸಾಕು. ಅದನ್ನು ಈ ತಿಂಗಳಿನಿಂದಲೇ ಆರಂಭಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸರ್ಕಾರಿ ಅರಿವಳಿಕೆ ತಜ್ಞೆ